ಕಣ್ಣೆತ್ತರ

ಎಸ್.ಪಿ. ರಸ್ತೆಯ ಅಂಗಡಿಯಲ್ಲಿ
ಎಲ್ಲ ದೀಪವೂ ಒಟ್ಟಿಗೆ ಉರಿಯುತ್ತಿದ್ದವು.
ಯಾವ ಬೆಳಕು ಯಾವುದರದೆಂದು
ಹೇಳುವುದು ದೇವರಿಗೂ ಕಷ್ಟ.
'ಇದೊಂದನ್ನು ಬಿಟ್ಟು ಮಿಕ್ಕಿದ್ದು ಆರಿಸಿ' ಎಂದೆ.
ಸೇಟು ನಕ್ಕರು: 'ಎಲ್ಲಕ್ಕೂ ಒಂದೇ ಸ್ವಿಚ್ಚು ಅಮ್ಮಾ.'

ಜೇನುಬಣ್ಣದ್ದು, ಹೊಗೆಬಣ್ಣದ್ದು,
ಸೀರೆ ನಿರಿಗೆಯಂತೆ ಮಡಿಕೆ ಮಡಿಕೆಯದ್ದು,
ತಾವರೆಯಾಗಲು ಹೋಗಿ ಎಲೆಕೋಸಾದದ್ದು.
ಇವರು ಪ್ರತಿಯೊಂದರ ಬೆಲೆಚೀಟಿ ತಿರುವಿ
ಬಿಸಿ ತಾಗಿದವರಂತೆ ಕೈ ತೆಗೆಯುತ್ತಿದ್ದರು.

ಆಗ ಕರೆಂಟು ಹೋಯಿತು.

ಬೀದಿಯಿಂದ ಒಂದಿಷ್ಟು ಮಾಸಲು ಹಗಲು ಒಳಗೆ ಬಂತು,
ತಳ್ಳುಗಾಡಿಯವನ ಬೈಗುಳದ ಜೊತೆ.
ಆ ಹಗಲಲ್ಲಿ ಗಾಜು ಬರೀ ಗಾಜಾಯಿತು.
ಕೆಳಗಿನ ಸಾಲಿನಲ್ಲಿ, ರಟ್ಟಿನ ಡಬ್ಬದಿಂದ ಅರ್ಧ ಎದ್ದು,
ಬೋರಲು ಲೋಟದಂಥ ಎರಡು ಹಾಲುಗಾಜು,
ರಾತ್ರಿ ಮಿಕ್ಕ ಮಜ್ಜಿಗೆಯ ಬಣ್ಣ,
ಒಂದರ ಹೊಟ್ಟೆಯಲ್ಲಿ ಸಾಸಿವೆಯಷ್ಟು ಗಾಳಿಗುಳ್ಳೆ.
'ಡಿಫೆಕ್ಟು. ನೂರು ರೂಪಾಯಿ ಬಿಡ್ತೀನಿ.'
ಬಿಟ್ಟ ನೂರಕ್ಕೋ, ಗುಳ್ಳೆಗೋ,
ಇವರು ತಲೆಯಾಡಿಸಿದರು.

ಮೆಟ್ರೋದಲ್ಲಿ ದೊಡ್ಡಕಲ್ಲಸಂದ್ರದವರೆಗೆ
ಡಬ್ಬ ನನ್ನ ಮಡಿಲಲ್ಲಿ.
'ಕೇಕಾ?' ಅಂದಳು ಪಕ್ಕದವಳು.
ಹೂಂ ಎಂದೆ.

ಇಪ್ಪತ್ತು ವರ್ಷಕ್ಕೆ ಹನ್ನೊಂದು ಬಾಡಿಗೆ ಮನೆ.
ಶ್ರೀನಗರ, ಬ್ಯಾಟರಾಯನಪುರ, ಮತ್ತೆ ಶ್ರೀನಗರ.
ಕರಾರುಪತ್ರದ ಏಳನೆಯ ಕಲಮು ಎಲ್ಲೆಡೆ ಒಂದೇ:
ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ.
ಕ್ಯಾಲೆಂಡರು ಕಿಟಕಿಯ ಸರಳಿಗೆ.
ಮಾವನವರ ಫೋಟೋ ಫ್ರಿಜ್ಜಿನ ಮೇಲೆ, ಹಾರದ ಸಮೇತ.
ಕನ್ನಡಿ ಕುರ್ಚಿಗೆ ಒರಗಿ;
ಎಷ್ಟೋ ವರ್ಷ ನಾನು ಬಗ್ಗಿಯೇ ಬೈತಲೆ ತೆಗೆದೆ.
ಮಿಥಿಲೆಯ ಎತ್ತರಕ್ಕೆಂದು ಎಳೆದ ಒಂದೇ ಒಂದು ಪೆನ್ಸಿಲ್ ಗೆರೆಗೆ
ಅಡ್ವಾನ್ಸಿನಲ್ಲಿ ಬಣ್ಣದ ಖರ್ಚು ಮುರಿದುಕೊಂಡರು.
ಆಮೇಲೆ ಎಳೆಯಲಿಲ್ಲ.

ಈಗ ಮೂರನೇ ಮಹಡಿ, ಆರುನೂರ ನಲವತ್ತು ಚದರಡಿ,
ಬ್ಯಾಂಕಿನದು, ನಮ್ಮ ಹೆಸರಿನಲ್ಲಿ.

ಭಾನುವಾರ ಜಬೀವುಲ್ಲಾ ಬಂದ, ಡ್ರಿಲ್ಲಿನ ಪೆಟ್ಟಿಗೆ ಹೊತ್ತು.
'ಎಷ್ಟು ಎತ್ತರ, ಮೇಡಂ?'
'ನೀವೇ ಹೇಳಿ.'
'ಕಣ್ಣೆತ್ತರ. ಬಲ್ಬು ಕಣ್ಣಿಗೆ ಚುಚ್ಚಬಾರದು,
ನೆರಳು ಮುಖ ತಿನ್ನಬಾರದು.' ಒಂದು ಕ್ಷಣ ತಡೆದು,
'ಯಾರ ಕಣ್ಣು?'

ಇವರು ಗೋಡೆಗೆ ಬೆನ್ನು ಕೊಟ್ಟರು. ಒಂದು ಗೆರೆ.
ಆಮೇಲೆ ನಾನು, ಗೇಣು ಕೆಳಗೆ.
ಆಮೇಲೆ, ಯಾರೂ ಕರೆಯದೆ, ಮಿಥಿಲೆ.
ಹದಿಮೂರಕ್ಕೇ ನನ್ನನ್ನು ಎರಡು ಬೆರಳು ಮೀರಿದ್ದಾಳೆ.
ಯಾವಾಗ ಬೆಳೆದಳೋ,
ಯಾವ ಗೋಡೆಯಲ್ಲೂ ದಾಖಲೆಯಿಲ್ಲ.

ಮೊದಲ ತೂತು ಇವರ ಗೆರೆಗೆ.
ಯಾರೂ ಹೇಳಲಿಲ್ಲ, ಡ್ರಿಲ್ಲು ತಾನಾಗಿ ಅಲ್ಲಿಗೆ ಹೋಯಿತು.
ಕಿರುಚಿತು. ಬೂದು ಹುಡಿ ಹಳೇ ಪೇಪರಿನ ಮೇಲೆ ಸುರಿಯಿತು.
ಮೂವರೂ ಒಟ್ಟಿಗೆ ಬಾಗಿಲ ಕಡೆ ನೋಡಿದೆವು.

ನಿಜಕ್ಕೂ ಬಾಗಿಲು ಬಡಿದರು.
ಇವರ ಮುಖ ಬಾಡಿಗೆದಾರನದಾಯಿತು.
ನಾನು ಸೆರಗಿಗೆ ಕೈ ಒರೆಸುತ್ತಾ
ಹಳೆಯ ಮಾತೊಂದನ್ನು ಹುಡುಕಿದೆ: ಇನ್ನೊಮ್ಮೆ ಆಗೋದಿಲ್ಲ ಸಾರ್.
ಕೆಳಮನೆಯ ಕ್ರಿಸ್ಟೀನಮ್ಮ.
'ಡ್ರಿಲ್ಲಿನವರು ಬಂದಿದ್ದಾರಾ?
ಹೋಗೋ ಮುಂಚೆ ನಮ್ಮನೇಲೂ ಎರಡು ತೂತು ಹೊಡೆಸಿ.'

ಗಾಜು ಹಿಡಿದು ನೋಡಿದರೆ ಎತ್ತರವಾಯಿತು.
ನಾನು ನಿಂತಲ್ಲಿಗೆ ಬಲ್ಬಿನ ತಳ ಕಂಡು ಕಣ್ಣು ಕಿವುಚಿತು.
'ಇವಳ ಗೆರೆಗೆ ಇಳಿಸಪ್ಪಾ' ಎಂದರು ಇವರು,
ನನ್ನ ಕಡೆ ನೋಡದೆ.
ಎರಡನೇ ಸಲ ಡ್ರಿಲ್ಲು ಕಿರುಚುವಾಗ
ಯಾರೂ ತಿರುಗಲಿಲ್ಲ.

ಮೇಲಿನದಕ್ಕೆ ಪುಟ್ಟಿ ಮೆತ್ತಲು ಹೊರಟ ಜಬೀವುಲ್ಲಾ.
'ಇರಲಿ ಬಿಡಿ' ಎಂದೆ,
'ನಮ್ಮದೇ ತೂತು.'

ಸಂಜೆ ಸ್ವಿಚ್ಚು ಹಾಕಿದೆವು.
ಗುಳ್ಳೆ ಎಲ್ಲಿ ಹೋಯಿತೋ, ಬೆಳಕಲ್ಲಿ ಕಾಣಲಿಲ್ಲ.
ನನ್ನ ಗೆರೆ ದೀಪದ ಹಿಂದೆ ಹೋಗಿತ್ತು.
ಮಿಥಿಲೆ ತನ್ನದರ ಪಕ್ಕ
ಇವತ್ತಿನ ತಾರೀಖು ಬರೆದಳು.
ಪೆನ್ನಿನಲ್ಲಿ.